ಇಲ್ಲಿ ಮಾತು ಅಸ್ಪಷ್ಟ

ವಿಭಾಗದ ಮುಖ್ಯಸ್ಥರು ಹೇಳಿಕೊಟ್ಟಿದ್ದು ಇಷ್ಟೇ:
ನಡುವೆ ಬಾಯಿ ಹಾಕಬೇಡಿ.
ಉತ್ತರ ನೀವೇ ಎತ್ತಿ ಕೊಡಬೇಡಿ.
ಅವರು ಸುಮ್ಮನಾದರೆ ನೀವೂ ಸುಮ್ಮನಿರಿ,
ಮನಸ್ಸಿನಲ್ಲೇ ಹತ್ತು ಎಣಿಸಿ.
ಒಂದು ಸಂದರ್ಶನಕ್ಕೆ ನೂರಿಪ್ಪತ್ತು ರೂಪಾಯಿ,
ಬಸ್ಸಿನ ಖರ್ಚು ಬೇರೆ, ಅಂದರು.
ನನ್ನದು ಸೊನ್ನೆ ಟಿಕೀಟು,
ಅದರಲ್ಲಿ ಉಳಿಸಿಕೊಳ್ಳುವುದೂ ಸೊನ್ನೆಯೇ.

ಪ್ರಶ್ನೆ ಹನ್ನೊಂದು. ಮೊದಲ ಹತ್ತಕ್ಕೆ
ಒಂದರಿಂದ ಐದರೊಳಗೆ ಒಂದು ಅಂಕಿ ಸಾಕು:
ಗ್ರಂಥಾಲಯಕ್ಕೆಷ್ಟು, ಶೌಚಾಲಯಕ್ಕೆಷ್ಟು,
ಪಾಠಕ್ಕೆಷ್ಟು, ಪಾಠ ಮಾಡಿದವರಿಗೆಷ್ಟು.
ಹನ್ನೊಂದನೆಯದು ಬಾಯಿಮಾತಿನದು:
ವಿಶ್ವವಿದ್ಯಾಲಯ ನಿಮಗೆ ಏನು ಕೊಟ್ಟಿತು?

ಬಾಗಲಕೋಟೆಯ ನವನಗರ, ಸೆಕ್ಟರಿನ ಕೊನೆಯ ಓಣಿ.
ಶಾಹೀನಾ ಬಾಗವಾನ, ಎಂ.ಎಸ್ಸಿ. ಗಣಿತ,
ಅಳುವ ಕೂಸನ್ನು ಕಾಲಮೇಲೆ ಹಾಕಿ ತೂಗುತ್ತ
ಹತ್ತಕ್ಕೆ ಹತ್ತಕ್ಕೂ ಐದು ಕೊಟ್ಟಳು.
ಶೌಚಾಲಯಕ್ಕೂ ಐದೇ?
"ಬರಕೋರಿ ಅಕ್ಕಾ. ನಾ ಕಡಿಮಿ ಕೊಟ್ರ
ನನ್ನ ಡಿಗ್ರೀದ ಬೆಲೀನೂ ಕಡಿಮಿ ಆಗ್ತೈತಲ್ಲ."

ಮಾಳಿಂಗರಾಯ ಚಿಕ್ಕೂರ, ಸಮಾಜಕಾರ್ಯ,
ಬಾದಾಮಿ ಬಸ್ಸಿನ ಕಂಡಕ್ಟರ್.
ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು
ಎರಡು ಸ್ಟಾಪಿನ ನಡುವೆ ಒಂದೊಂದೇ ಕೇಳಿದೆ.
ಹನ್ನೊಂದನೆಯದಕ್ಕೆ ಧ್ವನಿಮುದ್ರಣದಲ್ಲಿ ಇರುವುದು:
"ಚಿಲ್ಲರ ಕೊಡ್ರಿ, ಚಿಲ್ಲರ."
ನನಗೆ ಅಂದನೋ, ಹಿಂದಿನ ಸೀಟಿನ ಮುದುಕನಿಗೋ,
ಕೇಳಿದ್ದನ್ನು ಕೇಳಿದಂತೆ ಟೈಪಿಸಿದೆ.

ಮತ್ತೊಂದು ನಂಬರಿಗೆ ಅವ್ವ ಫೋನೆತ್ತಿದಳು:
"ಪರೀಕ್ಷಾ ಬರಿಯಾಕ ಧಾರವಾಡದಾಗ ಅದಾನ್ರಿ."
ಎಷ್ಟು ವರ್ಷದಿಂದ, ಅನ್ನುವುದು
ಪ್ರಶ್ನಾವಳಿಯಲ್ಲಿ ಇರಲಿಲ್ಲ.

ಗುಳೇದಗುಡ್ಡಕ್ಕೆ ಮುಟ್ಟಿದಾಗ ಹೊತ್ತು ಬಾಗಿತ್ತು.
ಹುಚ್ಚೇಶ ಯಂಡಿಗೇರಿ, ಎಂ.ಎ. ಇತಿಹಾಸ, ಬಂಗಾರದ ಪದಕ.
ಸೊಂಟದ ತನಕ ಕುಣಿಮಗ್ಗದೊಳಗೆ ಇಳಿದಿದ್ದ.
"ನೀವು ಕೇಳ್ರಿ, ನಾ ನೇಯ್ತೀನಿ.
ರಾತ್ರಿಯೊಳಗ ಎರಡು ಖಣ ಸಾವಕಾರಗ ಮುಟ್ಟಬೇಕು."
ಲಾಳಿ ಆ ಕಡೆ, ಲಾಳಿ ಈ ಕಡೆ.
ಅವನು ಬಹಳ ಮಾತಾಡಿದ.
ಶಾಸನದಲ್ಲಿ ಅಳಿಸಿಹೋದ ಅಕ್ಷರವನ್ನು
ಕೈಬೆರಳಿನಿಂದ ಓದುವುದು ಹೇಗೆ ಅಂತ
ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದ,
ಮೂರು ಅಂದ, ಎರಡು ಅಂದ, ನಕ್ಕ.
ಕೊನೆಯದನ್ನು ಕೇಳಿದೆ.
ಮಗ್ಗ ನಿಂತಿತು.

ಒಂದು, ಎರಡು, ಮೂರು.
ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗಿತು.
ಅವನು ತಲೆ ಬಗ್ಗಿಸಿಯೇ ಇದ್ದ.
ಏಳು, ಎಂಟು.
ವಿಚಾರ ಮಾಡುತ್ತಿದ್ದಾನೆ ಅಂದುಕೊಂಡೆ.

ರಾತ್ರಿ ರೂಮಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು
ನಲವತ್ತೊಂದು ನಿಮಿಷ ಮತ್ತೆ ಕೇಳಿದರೆ
ಖಟಕ್ ಖಟಕ್, ಖಟಕ್ ಖಟಕ್,
ಅದರ ಕೆಳಗೆಲ್ಲೋ ಒಬ್ಬ ಮನುಷ್ಯ.
ನಿಯಮದ ಪ್ರಕಾರ ಸಾಲು ಸಾಲಿಗೂ ಬರೆದೆ:
ಇಲ್ಲಿ ಮಾತು ಅಸ್ಪಷ್ಟ.
ಮೂವತ್ತೆಂಟನೇ ನಿಮಿಷಕ್ಕೆ ಸದ್ದು ನಿಲ್ಲುತ್ತದೆ.
ಕುಕ್ಕರ್ ಕೂಗುತ್ತದೆ.
ಆಮೇಲೆ ಒಂದು ಹೆಣ್ಣು ದನಿ, ನನ್ನದೇ,
ಎಂಟಕ್ಕೇ ನಿಯಮ ಮುರಿದು
ಯಾರೂ ಕೇಳದೆ ಮಾತಾಡುತ್ತಿದೆ:
"ನಂದೂ ಅದ ಬ್ಯಾಚ್ ರೀ, ಕನ್ನಡ ವಿಭಾಗ.
ನನಗ ಕೊಟ್ಟದ್ದು ಅಂದ್ರ..."
ಅಷ್ಟರಲ್ಲಿ ಅವನು, ತಲೆ ಎತ್ತದೆ:
"ಎಳಿ ಹರದಿತ್ರೀ, ಗಂಟು ಹಾಕಿದೆ. ಹೇಳ್ರಿ, ಏನಂದ್ರಿ?"
ಮತ್ತೆ ಖಟಕ್.

ನಾನು ಏನೋ ಹೇಳಿದ್ದೇನೆ, ಉದ್ದಕ್ಕೇ ಹೇಳಿದ್ದೇನೆ.
ಹಿಂದೆ ಒಯ್ದು, ಮುಂದೆ ಒಯ್ದು,
ದನಿ ಏರಿಸಿ ಆರು ಸಲ ಕೇಳಿದೆ.
ಏನು ಹೇಳಿದೆನೋ ನೆನಪೂ ಇಲ್ಲ.

ಸರಾಸರಿ ನಾಲ್ಕು ಪಾಯಿಂಟ್ ಎರಡು ಬಂತು,
ಮುಖ್ಯಸ್ಥರಿಗೆ ಸಮಾಧಾನವಾಯಿತು.
ಆ ಸಾಲಿನ ಮೇಲೆ ಮಾತ್ರ ಪೆನ್ನಿಟ್ಟು ಕೇಳಿದರು:
"ಇದು ಯಾರದ್ರೀ ಮಾತು?"

ಹತ್ತರ ತನಕ ಎಣಿಸಿದರು, ಪಾಪ.
ಎಣಿಸಿ, ಹಾಳೆ ತಿರುವಿದರು.